ಸಮೋಯೆಡ್ ನಾಯಿ: ಅದರ ಮೂಲವೂ ಲಕ್ಷಣಗಳೂ

ಚೂಪಾದ ಮೂತಿ, ನೆಟ್ಟಗೆ ನಿಂತ ಕಿವಿ, ಬೆನ್ನಿನ ಮೇಲೆ ಸುರುಳಿಗೊಂಡ ಬಾಲ, ಎರಡು ಪದರದ ಒತ್ತಾದ ರೋಮ ಇವುಗಳುಳ್ಳ ಶ್ವಾನಜಾತಿಗಳನ್ನೆಲ್ಲ ‘ಸ್ಪಿಟ್ಸ್’ ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆಯಾಗಿರುವುದು. ಜರ್ಮನ್ ಭಾಷೆಯ ಈ ಶಬ್ದಕ್ಕೆ ಚೂಪಾದುದು ಎಂದು ಅರ್ಥ. ಬೆಂಗಳೂರು, ಮೈಸೂರು ಮೊದಲಾದ ಪಟ್ಟಣಗಳಲ್ಲಿ ಜನರು ‘ಪೊಮೆರೇನಿಯನ್’ ಎಂದು ಕರೆಯುವ ಚಿಕ್ಕ ಬಿಳಿಯ ನಾಯಿಯೂ ಈ ವರ್ಗಕ್ಕೆ ಸೇರಿದುದೇ. ಬ್ರಿಟಿಷರ ಕಾಲದಲ್ಲಿ ತಂದ ಜರ್ಮನ್ ಸ್ಪಿಟ್ಸ್ ನಾಯಿಗಳ ಸಂತಾನದಿಂದ ಅದು ಭಾರತದಲ್ಲಿಯೇ ರೂಪುಗೊಂಡಿತು. ತಿಳಿದವರು ಅದನ್ನು ಭಾರತೀಯ ಸ್ಪಿಟ್ಸ್ ಎನ್ನುವರು. ಅನೇಕ ತಲೆಮಾರುಗಳಿಂದ ಅದು ಇಲ್ಲಿಯ ಹವೆಗೆ ಒಗ್ಗಿ ಹೋಗಿದೆ. ಅದೇ ಬಣ್ಣ, ಹೆಚ್ಚು ಕಡಮೆ ಅದೇ ಮುಖಚಹರೆ ಉಳ್ಳುದಾಗಿ, ಗಾತ್ರದಲ್ಲಿ ಮಾತ್ರ ಅದಕ್ಕಿಂತ ಬಹು ದೊಡ್ಡದಾದ ಮತ್ತೊಂದು ನಾಯಿ ಸಮೋಯೆಡ್. ಈ ನೋಟದ ಸಾಮ್ಯವನ್ನು ನಂಬಿ, ಒಂದನ್ನು ಸಾಕಿದ ಹಾಗೆಯೇ ಇನ್ನೊಂದನ್ನೂ ಸಾಕಬಹುದೆಂದು ಬಗೆಯುವವರು ಮೋಸಹೋಗುವುದುಂಟು. ಆ ಮೋಸದ ಫಲವನ್ನು ಅನುಭವಿಸುವುದು ಬಹುಮಟ್ಟಿಗೆ ನಾಯಿಯೇ.

ಸಮೋಯೆಡ್ ಜಾತಿಯು ಹಿಮಸಾರಂಗಗಳ ಮಂದೆಯ ನಡುವೆ ಹುಟ್ಟಿ ಬೆಳೆದುದು. ಇಂದು ಜನರು ಚೆಲುವೆಂದು ಮೆಚ್ಚುವ ಅದರ ಅಂಗಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಪಶುಪಾಲಕರ ಕೆಲಸದ ಉಪಕರಣಗಳಾಗಿದ್ದುವು. ಈ ಕಾರಣದಿಂದ ಇದರ ವೃತ್ತಾಂತವು ದನಕರು ಸಾಕುವವರಿಗೂ ಸ್ವಾರಸ್ಯವಾಗಿ ತೋರುವುದು.

ಹುಟ್ಟಿದ ನಾಡು ಮತ್ತು ಕೆಲಸ

ರಷ್ಯಾ ದೇಶದ ಉತ್ತರದ ಅಂಚಿನಲ್ಲಿ, ಬಿಳಿಯ ಸಮುದ್ರದ ಕಡೆಯಿಂದ ಮೂಡಲಾಗಿ ಯೆನಿಸೇ ನದಿಯವರೆಗೆ, ಮರಗಳು ಬೆಳೆಯಲಾರದ ವಿಶಾಲವಾದ ಶೀತಭೂಮಿಯುಂಟು. ಇದಕ್ಕೆ ತುಂಡ್ರಾ ಎಂದು ಹೆಸರು. ವರ್ಷದ ಹೆಚ್ಚು ಭಾಗ ನೆಲವೆಲ್ಲ ಹಿಮದಿಂದ ಮುಚ್ಚಿರುವುದು; ಚಳಿಗಾಲದಲ್ಲಿ ಉಷ್ಣಮಾನವು ಸೊನ್ನೆಗಿಂತ 40 ಡಿಗ್ರಿಗಳಷ್ಟು ಕೆಳಗೆ ಇಳಿಯುವುದೂ ಉಂಟು. ಇಲ್ಲಿ ಹಿಮಸಾರಂಗಗಳನ್ನು ಸಾಕಿಕೊಂಡು ಅಲೆಯುವ ಜನರೇ ನೆನೆತ್ಸರು. ಹಿಂದೆ ರಷ್ಯನರು ಇವರನ್ನೂ ಇವರ ನೆರೆಯ ಕೆಲವು ಬುಡಕಟ್ಟುಗಳನ್ನೂ ಸೇರಿಸಿ ಸಮೋಯೆಡರೆಂದು ಕರೆಯುತ್ತಿದ್ದರು. ರಷ್ಯನ್ ಕಿವಿಗೆ ಈ ಶಬ್ದವು ‘ತನ್ನನ್ನು ತಾನೇ ತಿನ್ನುವವನು’ ಎಂಬಂತೆ ಕೇಳುವುದರಿಂದ ಅದರಲ್ಲಿ ಹೀನಾಯದ ಧ್ವನಿ ಸೇರಿಕೊಂಡಿತು. ನೆನೆತ್ಸ್ ಎಂಬುದು ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು; ಅದಕ್ಕೆ ಮನುಷ್ಯ ಎಂದು ಅರ್ಥ. ಜನರಿಗೆ ಆ ಹಳೆಯ ಹೆಸರು ಬಿಟ್ಟುಹೋಯಿತು, ನಾಯಿಗೆ ಮಾತ್ರ ಉಳಿಯಿತು.

ಹಿಮಸಾರಂಗವೇ ನೆನೆತ್ಸರ ಸರ್ವಸ್ವ. ಅದರ ಮಾಂಸವು ಆಹಾರ, ಚರ್ಮವು ಉಡುಪು ಮತ್ತು ಡೇರೆ, ಅದರ ಬೆನ್ನಬಲವೇ ಜಾರುಬಂಡಿಯನ್ನೆಳೆಯುವ ಶಕ್ತಿ. ಮಂದೆಯು ಬೇಸಗೆಯಲ್ಲಿ ಉತ್ತರದ ಕಡಲಂಚಿಗೂ ಚಳಿಗಾಲದಲ್ಲಿ ತೆಂಕಣ ಕಾಡಿನಂಚಿಗೂ ನೂರಾರು ಮೈಲಿ ಸಾಗುವುದು. ಅದರ ಹಿಂದೆ ಮನೆಮಂದಿಯೆಲ್ಲರೂ ಹೊರಡುವರು. ಯಮಾಲ್ ಪರ್ಯಾಯದ್ವೀಪದಲ್ಲಿ ಇಂದಿಗೂ ಹೀಗೆ ಅಲೆಯುವ ಕುಟುಂಬಗಳಿವೆ. ಇಂಥ ಬಯಲಿನಲ್ಲಿ ಬೇಲಿಯೆಂಬುದಿಲ್ಲ. ಚದುರಿದ ಸಾರಂಗಗಳನ್ನು ಸುತ್ತುವರಿದು ಒಂದುಗೂಡಿಸುವುದು, ಹಿಂದುಳಿದುದನ್ನು ಬೊಗಳಿ ಮುಂದೂಡುವುದು, ಮಂದೆಯನ್ನು ಒಡೆಯನು ಕೈಸನ್ನೆ ಮಾಡಿದ ದಿಕ್ಕಿಗೆ ತಿರುಗಿಸುವುದು ಇವು ನಾಯಿಯ ಕೆಲಸ. ಕಚ್ಚುವ ನಾಯಿ ಇದಕ್ಕೆ ಒದಗದು. ಸಾರಂಗವು ಬೆದರಿ ಓಡಿದರೆ ಮಂದೆಯೇ ಒಡೆದುಹೋಗುವುದು. ಬೊಗಳಲು ಅಂಜುವ ನಾಯಿಯೂ ಒದಗದು. ಕುರುಬರ ಹಟ್ಟಿಯ ನಾಯಿಯು ತೋಳದಿಂದ ಕುರಿಯನ್ನು ಕಾಯುವಂಥದು. ನೆನೆತ್ಸರ ನಾಯಿಯ ಹೊಣೆ ಮುಖ್ಯವಾಗಿ ಮಂದೆಯನ್ನು ನಡೆಸುವುದು. ಆದುದರಿಂದ ಈ ಜಾತಿಯಲ್ಲಿ ಗದ್ದಲ ಹೆಚ್ಚು, ಹಗೆತನ ಕಡಮೆ.

ರಾತ್ರಿ ನಾಯಿಗಳು ‘ಚುಮ್’ ಎಂಬ ಚರ್ಮದ ಡೇರೆಯೊಳಗೆ ಮನೆಯವರ ಮಗ್ಗುಲಲ್ಲಿಯೇ ಮಲಗುತ್ತಿದ್ದುವು. ಇದರಿಂದ ಮನುಷ್ಯರಿಗೂ ಬೆಚ್ಚಗಾಗುತ್ತಿತ್ತು. ಮಕ್ಕಳ ನಡುವೆ ಬದುಕಲಾರದ ಸಿಡುಕಿನ ನಾಯಿಗೆ ಇಂಥ ಇಕ್ಕಟ್ಟಾದ ಮನೆಯಲ್ಲಿ ಎಡೆಯಿಲ್ಲವಷ್ಟೆ. ಸಮೋಯೆಡಿನ ಮನುಷ್ಯಪ್ರೀತಿ ಪ್ರಸಿದ್ಧವಾದುದು. ಅದರ ಬೇರು ಇಲ್ಲಿರಬೇಕು.

ಇದು ಜಗತ್ತಿನ ಅತ್ಯಂತ ಪುರಾತನವಾದ, ಬೆರಕೆಯೇ ಇಲ್ಲದ ಜಾತಿಯೆಂದು ಮಾರಾಟಗಾರರು ಹೇಳುವುದುಂಟು. ವಸ್ತುಸ್ಥಿತಿಯು ಅಷ್ಟು ಸರಳವಾಗಿಲ್ಲ. ಸೈಬೀರಿಯದ ಜೋಖೋವ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ನಾಯಿಗಳ ಎಲುಬುಗಳೂ ಜಾರುಬಂಡಿಯ ತುಂಡುಗಳೂ ದೊರೆತಿವೆ. ಯಮಾಲಿನ ಬಳಿ ಸಲೆಖಾರ್ಡ್ ನಗರದ ಉಸ್ತ್ ಪೊಲುಯ್ ಎಂಬ ಸ್ಥಳದಲ್ಲಿ ಸುಮಾರು 2,000 ವರ್ಷಗಳ ಹಿಂದಿನ ನೂರಕ್ಕೂ ಹೆಚ್ಚು ನಾಯಿಗಳ ಅವಶೇಷಗಳು ಸಿಕ್ಕಿವೆ. ಉತ್ತರದವರು ಬಹು ಪೂರ್ವಕಾಲದಿಂದ ನಾಯಿಯನ್ನು ದುಡಿಸಿಕೊಂಡರೆಂಬುದಕ್ಕೆ ಇವು ಸಾಕ್ಷಿ. ಆದರೆ ಹಳೆಯ ಎಲುಬುಗಳಿಂದ ತೆಗೆದ ವಂಶದ್ರವ್ಯವನ್ನು ಹೋಲಿಸಿ 2021ರಲ್ಲಿ ಪ್ರಕಟವಾದ ಪರಿಶೋಧನೆಯಿಂದ, ಕಳೆದ ಎರಡು ಸಾವಿರ ವರ್ಷಗಳಲ್ಲಿ ಪಡುವಣ ಮತ್ತು ತೆಂಕಣ ನಾಡುಗಳ ನಾಯಿಗಳೂ ವ್ಯಾಪಾರದ ದಾರಿಯಲ್ಲಿ ಸೈಬೀರಿಯವನ್ನು ಸೇರಿ ಅಲ್ಲಿಯ ನಾಯಿಗಳೊಡನೆ ಬೆರೆತುವೆಂದು ಗೊತ್ತಾಗಿದೆ. ಸಮೋಯೆಡಿನಲ್ಲಿ ಉತ್ತರಧ್ರುವಪ್ರದೇಶದ ಹಳೆಯ ರಕ್ತವೇ ಹೆಚ್ಚಾಗಿ ಉಳಿದಿದ್ದರೂ ಪಡುವಣ ಬೆರಕೆಯೂ ಸ್ವಲ್ಪ ಉಂಟು.

ಇಂಗ್ಲೆಂಡಿಗೆ ಬಂದ ಬಗೆ

1889ನೆಯ ಇಸವಿಯಲ್ಲಿ ಅರ್ನೆಸ್ಟ್ ಕಿಲ್ಬರ್ನ್ ಸ್ಕಾಟ್ ಎಂಬ ಆಂಗ್ಲನು ಬಿಳಿಯ ಸಮುದ್ರದ ದಡದ ಆರ್ಖಾಂಗೆಲ್ಸ್ಕ್ ಪ್ರಾಂತದಿಂದ ಒಂದು ಮರಿಯನ್ನು ತನ್ನ ದೇಶಕ್ಕೆ ಕೊಂಡುಹೋದನು. ಅದಕ್ಕೆ ‘ಸಬಾರ್ಕ’ ಎಂದು ಹೆಸರಾಯಿತು; ರಷ್ಯನ್ ಭಾಷೆಯಲ್ಲಿ ನಾಯಿಗೆ ಇರುವ ಸಾಮಾನ್ಯ ಶಬ್ದವೇ ಇದರ ಮೂಲ. ಇಂದು ಹಿಮದಂತೆ ಬೆಳ್ಳಗಿರುವ ಜಾತಿಯ ಈ ಆದಿಪುರುಷನ ಬಣ್ಣ ಕಂದು ಎಂಬುದು ಗಮನಿಸತಕ್ಕ ಸಂಗತಿ. ಆಮೇಲೆ ಪೆಚೋರಾ ಪ್ರಾಂತದ ಬಿಳಿಗೆನೆಯ ಬಣ್ಣದ ಹೆಣ್ಣೊಂದೂ, ಇನ್ನು ಕೆಲವರು ತರಿಸಿದ ಬೆಳ್ಳನೆಯ ಗಂಡುಗಳೂ ಬಂದು ಸೇರಿದುವು. 1906ರಲ್ಲಿ ಅಮೆರಿಕದ ಶ್ವಾನಸಂಘದವರೂ ಆಮೇಲೆ ಇಂಗ್ಲೆಂಡಿನ ಕೆನೆಲ್ ಕ್ಲಬ್ಬಿನವರೂ ಇದನ್ನು ಪ್ರತ್ಯೇಕ ಜಾತಿಯೆಂದು ಅಂಗೀಕರಿಸಿದರು.

ಇದೇ ಕಾಲವು ಧ್ರುವಯಾತ್ರೆಗಳ ಕಾಲವೂ ಆಗಿತ್ತು. ನಾರ್ವೆಯ ನಾನ್ಸೆನ್ನನು ‘ಫ್ರಾಮ್’ ಹಡಗಿನಲ್ಲಿ 1893ರಲ್ಲಿ ಹೊರಟಾಗ ಸೈಬೀರಿಯದ ತೀರದಲ್ಲಿ ಇಂಥ ನಾಯಿಗಳನ್ನು ಹಡಗಿಗೆ ಏರಿಸಿಕೊಂಡನು. 1895ರ ಮಾರ್ಚಿಯಲ್ಲಿ ಅವನೂ ಜೊಹಾನ್ಸೆನ್ ಎಂಬ ಒಬ್ಬನೇ ಜೊತೆಗಾರನೂ ಹಡಗನ್ನು ಬಿಟ್ಟು, 28 ನಾಯಿಗಳನ್ನೂ 3 ಜಾರುಬಂಡಿಗಳನ್ನೂ ತೆಗೆದುಕೊಂಡು ಹಿಮದ ಮೇಲೆ ನಡೆದರು. ಏಪ್ರಿಲಿನಲ್ಲಿ 86 ಡಿಗ್ರಿ 14 ಮಿನಿಟುಗಳ ಉತ್ತರ ಅಕ್ಷಾಂಶವನ್ನು ಮುಟ್ಟಿದರು. ಅದುವರೆಗೆ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಈ ಯಶಸ್ಸಿನ ಬೆಲೆಯನ್ನು ನಾಯಿಗಳೇ ತೆತ್ತುವು. ಒಯ್ದ ಆಹಾರವು ಸಾಲದೆಂದು ಮೊದಲೇ ಲೆಕ್ಕಹಾಕಿದ್ದುದರಿಂದ, ಬಲಗುಂದಿದ ನಾಯಿಗಳನ್ನು ಒಂದೊಂದಾಗಿ ಕೊಂದು ಮಿಕ್ಕವುಗಳಿಗೆ ಉಣಿಸುತ್ತ ಹೋಗಬೇಕಾಯಿತು. ಆಗಸ್ಟಿನಲ್ಲಿ ತೆರೆದ ಕಡಲು ಎದುರಾದಾಗ ಉಳಿದಿದ್ದ ಎರಡು ನಾಯಿಗಳನ್ನೂ ಗುಂಡಿಟ್ಟು ಕೊಂದರು. ಧ್ರುವಯಾತ್ರೆಗಳ ಕೀರ್ತಿಯನ್ನು ಈ ಜಾತಿಗೆ ಒಡವೆಯಂತೆ ತೊಡಿಸಿ ಬರೆಯುವವರು ಈ ಪುಟವನ್ನು ಬೇಗನೆ ಮಗುಚಿಬಿಡುವರು.

ಬೋರ್ಕ್‌ಗ್ರೆವಿಂಕನು 1899ರಲ್ಲಿ ಮೊಟ್ಟಮೊದಲಾಗಿ ದಕ್ಷಿಣಧ್ರುವಖಂಡಕ್ಕೆ ನಾಯಿಗಳನ್ನು ಒಯ್ದನು. ಆ ಯಾತ್ರೆಯಿಂದ ಉಳಿದುಬಂದ ಸಂತತಿಗೆ ಸೇರಿದ ‘ಅಂಟಾರ್ಕ್ಟಿಕ್ ಬಕ್’ ಎಂಬ ಗಂಡನ್ನು ಕಿಲ್ಬರ್ನ್ ಸ್ಕಾಟನು 1908ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಮೃಗಾಲಯದಲ್ಲಿ ಕಂಡು ಇಂಗ್ಲೆಂಡಿಗೆ ಕರೆತಂದನೆಂದು ಈ ಜಾತಿಯ ಚರಿತ್ರೆಗಳಲ್ಲಿ ಹೇಳಿದೆ. ಇಂದಿನ ವಂಶಾವಳಿಗಳನ್ನು ಹಿಂದಕ್ಕೆ ಹಿಡಿದು ಹೋದರೆ ಇಂಥ ಕೆಲವೇ ನಾಯಿಗಳ ಹೆಸರುಗಳು ಮರಳಿ ಮರಳಿ ಸಿಕ್ಕುವುವು. 1911ರಲ್ಲಿ ದಕ್ಷಿಣಧ್ರುವವನ್ನು ಸೇರಿದ ಅಮುಂಡ್ಸೆನ್ನನ ನಾಯಿಗಳೂ ಸಮೋಯೆಡುಗಳೇ ಎಂಬ ಮಾತು ಹರಡಿದೆಯಾದರೂ ಅವನು ಕೊಂಡೊಯ್ದವು ಗ್ರೀನ್‌ಲೆಂಡಿನ ನಾಯಿಗಳು.

ಬಿಳಿಯ ಬಣ್ಣದ ಕಾರಣ

ನೆನೆತ್ಸರ ಹಟ್ಟಿಗಳಲ್ಲಿ ಇಂದಿಗೂ ಕರಿಯ, ಕಂದು, ಬೂದು, ಮಚ್ಚೆಯ ನಾಯಿಗಳು ಕಾಣಸಿಕ್ಕುವುವು. ಇಂಗ್ಲೆಂಡಿನಲ್ಲಿ ಬೆಳ್ಳನೆಯದಕ್ಕೆ ಬೇಡಿಕೆ ಹೆಚ್ಚಿದುದರಿಂದ ಮಿಕ್ಕ ಬಣ್ಣಗಳು ಸಂತಾನಕ್ಕೆ ಬಾರದೆ ಹೋದುವು. ಈ ಮಾರ್ಪಾಟು ಬೇಗ ಸ್ಥಿರವಾಗಲು ಒಂದು ಕಾರಣವುಂಟು. ನಾಯಿಯ ರೋಮದಲ್ಲಿ ಕಪ್ಪು ಮತ್ತು ಕೆಂಪುಹಳದಿ ಎಂಬ ಎರಡು ವರ್ಣದ್ರವ್ಯಗಳಿರುತ್ತವೆ. ಕಪ್ಪನ್ನು ಉಂಟುಮಾಡಬೇಕೆಂದು ರೋಮದ ಬೇರಿಗೆ ಸೂಚನೆ ಕೊಡುವುದು ಎಂಸಿ1ಆರ್ ಎಂಬ ವಂಶವಾಹಿ. ಸಮೋಯೆಡಿನಲ್ಲಿ ತಂದೆತಾಯಿಗಳಿಬ್ಬರಿಂದಲೂ ಇದರ ಕೆಟ್ಟುಹೋದ ಪ್ರತಿಯೇ ಬಂದಿರುವುದರಿಂದ ರೋಮದಲ್ಲಿ ಕಪ್ಪು ಹುಟ್ಟುವುದೇ ಇಲ್ಲ. ಉಳಿದ ಹಳದಿಯನ್ನು ಬೇರೆ ವಂಶವಾಹಿಗಳು ತೆಳುವಾಗಿಸಿಬಿಡುವುವು. ಕೆಲವು ನಾಯಿಗಳ ಕಿವಿಯ ಮೇಲೂ ಬೆನ್ನಿನ ಮೇಲೂ ಬಿಸ್ಕತ್ತಿನ ಬಣ್ಣದ ಛಾಯೆ ಕಾಣುವುದು ಈ ಉಳಿಕೆಯಿಂದಲೇ. ಚರ್ಮದ ಕಪ್ಪಿಗೆ ಮಾತ್ರ ಯಾವ ಬಾಧೆಯೂ ಇಲ್ಲ. ಆದುದರಿಂದ ಮೂಗು, ತುಟಿ, ಕಣ್ಣಿನ ಅಂಚು ಇವು ಅಚ್ಚಗಪ್ಪಾಗಿರುವುವು. ಇದು ಹುಟ್ಟುಬಿಳುಪಿನ ರೋಗವಲ್ಲ. ಮಚ್ಚೆಯು ಮೈಯೆಲ್ಲ ಹರಡಿದ್ದರಿಂದ ಬೆಳ್ಳಗಾದ ಬೇರೆ ಕೆಲವು ಜಾತಿಗಳಲ್ಲಿ ಕಂಡುಬರುವ ಕಿವುಡುತನವೂ ಈ ಬಗೆಯ ಬಿಳುಪಿಗೆ ಅಂಟಿಕೊಂಡಿಲ್ಲ. ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಇರುವಾಗ ಬಿಳಿಯ ಜೋಡಿಗೆ ಕರಿಯ ಮರಿ ಹುಟ್ಟುವಂತಿಲ್ಲ. ಕೆಲವೇ ತಲೆಮಾರುಗಳಲ್ಲಿ ಬಣ್ಣ ನೆಲೆಗೊಂಡುದು ಹೀಗೆ.

ದೇಹಲಕ್ಷಣಗಳು

ಅಮೆರಿಕದ ಶ್ವಾನಸಂಘದ ಅಳತೆಯಂತೆ ಗಂಡಿನ ಎತ್ತರವು ಹೆಗಲಿನ ಬಳಿ 21ರಿಂದ 23½ ಅಂಗುಲ, ಹೆಣ್ಣಿನದು 19ರಿಂದ 21 ಅಂಗುಲ. ತೂಕವು ಗಂಡಿಗೆ 45ರಿಂದ 65 ಪೌಂಡು, ಹೆಣ್ಣಿಗೆ 35ರಿಂದ 50 ಪೌಂಡು. ಎದೆ ಆಳವಾಗಿಯೂ ಬೆನ್ನು ಗಟ್ಟಿಯಾಗಿಯೂ ಇರಬೇಕು. ಕಿವಿಗಳು ದಪ್ಪನಾಗಿದ್ದು ತುದಿಯಲ್ಲಿ ದುಂಡಗಿರುವುವು. ಒಳಗೂ ರೋಮ ತುಂಬಿರುವುದರಿಂದ ಚಳಿಗೆ ಸೆಡೆಯವು. ಕಣ್ಣು ಬಾದಾಮಿಯ ಆಕಾರದ್ದು, ಬಣ್ಣ ಕಡುಗಂದು. ನೀಲಿ ಕಣ್ಣನ್ನು ಈ ಜಾತಿಯಲ್ಲಿ ದೋಷವೆಂದು ಎಣಿಸುವರು. ಪಾದಗಳು ಮೊಲದ ಪಾದದಂತೆ ನೀಳವಾಗಿದ್ದು, ಬೆರಳುಗಳ ಸಂದಿನಲ್ಲಿ ಬೆಳೆದ ರೋಮವು ಹಿಮಗಡ್ಡೆಯು ಚುಚ್ಚದಂತೆ ಕಾಪಾಡುವುದು. ಬಾಲವು ಬೆನ್ನಿನ ಮೇಲೆಯೋ ಒಂದು ಪಕ್ಕಕ್ಕೋ ಬಾಗಿರುವುದು. ಮುದುಡಿ ಮಲಗಿದಾಗ ನಾಯಿಯು ಅದರಿಂದ ಮೂಗನ್ನು ಮುಚ್ಚಿಕೊಳ್ಳುವುದು.

ಬಾಯಿಯ ಮೂಲೆಗಳು ಮೇಲಕ್ಕೆ ತಿರುಗಿ, ನಾಯಿಯು ನಗುತ್ತಿರುವಂತೆ ತೋರುವುದು ಈ ಜಾತಿಯ ಹೆಗ್ಗುರುತು. ಜೊಲ್ಲು ಸುರಿದು ಮುಖದ ಮೇಲೆ ಹೆಪ್ಪುಗಟ್ಟದಿರಲೆಂದು ಪ್ರಕೃತಿಯು ಹೀಗೆ ಮಾಡಿತೆಂದು ಕೆಲವರು ವಿವರಿಸುವರು. ಮಾತು ಸೊಗಸಾಗಿದೆ, ಆದರೆ ಅಷ್ಟೇ ಚಳಿಯಲ್ಲಿ ಬಾಳುವ ಇತರ ನಾಯಿಗಳು ಇಂಥ ನಗುಮೊಗವಿಲ್ಲದೆಯೇ ಸುಖವಾಗಿರುವುದನ್ನು ಕಂಡರೆ ಅದನ್ನು ನಂಬಲು ಮನಸ್ಸು ಹಿಂಜರಿಯುವುದು.

ಎಲ್ಲಕ್ಕಿಂತ ಮುಖ್ಯವಾದುದು ರೋಮ. ಮೈಗೆ ಹತ್ತಿಕೊಂಡು ಗಿಡ್ಡವೂ ಮೃದುವೂ ಒತ್ತೂ ಆದ ಒಳರೋಮವುಂಟು. ಅದರ ನಡುವಿನಿಂದ ಉದ್ದವೂ ಬಿರುಸೂ ಆದ ಹೊರರೋಮವು ಮೈಗೆ ಅಂಟದೆ ನೆಟ್ಟಗೆ ನಿಲ್ಲುವುದು. ಒಳಪದರವು ಗಾಳಿಯನ್ನು ಹಿಡಿದಿಟ್ಟು ಮೈಶಾಖವನ್ನು ಕಾಯುವುದು. ಹೊರಪದರವು ಹಿಮವನ್ನೂ ನೀರನ್ನೂ ಒಳಗೆ ಬಿಡದು. ವರ್ಷಕ್ಕೆ ಒಂದೆರಡು ಸಲ ಒಳರೋಮವು ಹಿಂಡುಹಿಂಡಾಗಿ ಉದುರುವುದು. ಆ ವಾರಗಳಲ್ಲಿ ಮನೆಯ ಮೂಲೆಮೂಲೆಯೂ ಹತ್ತಿ ಅರಳೆ ಕಟ್ಟಿದಂತಾಗುವುದು.

ವಂಶದಲ್ಲಿ ಅಡಗಿರುವ ರೋಗಗಳು

ಬೆರಳೆಣಿಕೆಯ ನಾಯಿಗಳಿಂದ ಒಂದು ಜಾತಿಯನ್ನು ಬೆಳೆಸಿದಾಗ ಅವುಗಳಲ್ಲಿ ಅಡಗಿರುವ ಕುಂದುಗಳೂ ಜೊತೆಯಲ್ಲಿಯೇ ಹೆಚ್ಚುವುವು. ಸಮೋಯೆಡಿನಲ್ಲಿ ಕಂಡುಬಂದ ಒಂದು ಆನುವಂಶಿಕ ಮೂತ್ರಪಿಂಡರೋಗವು ಬಹಳ ಘೋರವಾದುದು. ರಕ್ತವನ್ನು ಸೋಸುವ ತೆಳುಪೊರೆಗೆ ಬೇಕಾದ ಕೊಲಾಜೆನ್ ಎಂಬ ಪದಾರ್ಥವು ಸರಿಯಾಗಿ ಆಗದೆ, ಎಳೆಯ ಪ್ರಾಯದಲ್ಲಿಯೇ ಮೂತ್ರದಲ್ಲಿ ಸಸಾರಜನಕದ ಅಂಶವು ಸೋರಲಾರಂಭಿಸುವುದು. ರೋಗವುಳ್ಳ ಗಂಡುಮರಿಯು ಕೆಲವು ತಿಂಗಳು ಚೆನ್ನಾಗಿ ಆಡಿಕೊಂಡಿದ್ದು, ಆಮೇಲೆ ಸೊರಗಿ, ಬಹುಶಃ ಒಂದೂಕಾಲು ವರ್ಷ ತುಂಬುವುದರೊಳಗೆ ಸಾಯುವುದು. ಇದಕ್ಕೆ ಕಾರಣವಾದ ದೋಷವು ಎಕ್ಸ್ ವರ್ಣತಂತುವಿನ ಒಂದು ವಂಶವಾಹಿಯಲ್ಲಿದೆಯೆಂದು 1994ರಲ್ಲಿ ಗೊತ್ತುಮಾಡಿದರು. ಮನುಷ್ಯರಲ್ಲಿಯೂ ಆಲ್ಪೋರ್ಟ್ ಎಂಬ ಇಂಥದೇ ರೋಗವಿರುವುದರಿಂದ ವೈದ್ಯಶಾಸ್ತ್ರಜ್ಞರು ಈ ನಾಯಿಗಳಿಂದ ಅನೇಕ ವಿಷಯಗಳನ್ನು ಕಲಿತರು.

ಗಂಡಿಗೆ ಎಕ್ಸ್ ತಂತು ಒಂದೇ; ಅದು ತಾಯಿಯಿಂದ ಬಂದುದು. ಹೆಣ್ಣಿಗೆ ಎರಡು. ಆದುದರಿಂದ ದೋಷವನ್ನು ಹೊತ್ತ ಹೆಣ್ಣು ಸಾಮಾನ್ಯವಾಗಿ ಬದುಕಿ ಬಾಳಿ ಮರಿ ಹಾಕುವುದು. ಅದರ ಗಂಡುಮರಿಗಳಲ್ಲಿ ಅರ್ಧದಷ್ಟಕ್ಕೆ ರೋಗವೂ, ಹೆಣ್ಣುಮರಿಗಳಲ್ಲಿ ಅರ್ಧದಷ್ಟಕ್ಕೆ ಹೊರುವ ಗುಣವೂ ಬರುವ ಸಂಭವವುಂಟು. ತಾಯಿಯ ಹೊರನೋಟದಿಂದ ಇದನ್ನು ತಿಳಿಯಲಾಗದು. ವಂಶವಾಹಿಯ ಪರೀಕ್ಷೆಯೊಂದೇ ದಾರಿ. ಬೀಜದ ಹೋರಿಯನ್ನು ಆರಿಸುವ ಜಾಣ ರೈತನು ಅದರ ಡುಬ್ಬವನ್ನೂ ಕೊಂಬನ್ನೂ ನೋಡಿ ತೃಪ್ತನಾಗದೆ, ಅದರ ತಾಯಿ ಎಷ್ಟು ಹಾಲು ಕರೆಯುತ್ತಿತ್ತೆಂದು ಕೇಳುವನು. ಮರಿಯನ್ನು ಕೊಳ್ಳುವವನೂ ಹಾಗೆಯೇ ತಾಯಿಯ ಪರೀಕ್ಷೆಯ ಪತ್ರವನ್ನು ಕೇಳತಕ್ಕದ್ದು. ಇದಲ್ಲದೆ ಅಕ್ಷಿಪಟಲವು ಕ್ಷಯಿಸಿ ಕುರುಡಾಗುವ ರೋಗ, ಕಣ್ಣು ಮತ್ತು ಎಲುಬು ಎರಡೂ ಕೆಡುವ ಒಂದು ದೋಷ, ಸೊಂಟದ ಕೀಲಿನ ಸಡಿಲ, ಸಕ್ಕರೆ ಕಾಯಿಲೆ ಇವೂ ಈ ಜಾತಿಯಲ್ಲಿ ಕಾಣಿಸುವುವು. ಆರೋಗ್ಯವಂತವಾದ ನಾಯಿಯು 12ರಿಂದ 14 ವರ್ಷ ಬಾಳುವುದು.

ಉಷ್ಣದೇಶದಲ್ಲಿ ಸಾಕಣೆ

ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರದು. ತೇಕುತ್ತ ನಾಲಿಗೆ ಮತ್ತು ಶ್ವಾಸನಾಳಗಳ ತೇವವನ್ನು ಆವಿಮಾಡಿಯೇ ಅದು ಮೈಯನ್ನು ತಂಪಾಗಿಸಿಕೊಳ್ಳಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವುದು ನಿಧಾನ. ಆದುದರಿಂದ ಮಂಗಳೂರಿನ ಸೆಕೆಯು ಬಳ್ಳಾರಿಯ ಬಿಸಿಲಿಗಿಂತ ಸೌಮ್ಯವೆಂದು ಉಷ್ಣಮಾಪಕವನ್ನು ಮಾತ್ರ ನೋಡಿ ನಂಬಲಾಗದು. ಬಯಲುಸೀಮೆಯಲ್ಲಿ ರೂಢವಾದ ಮುಧೋಳದ ನಾಯಿಯನ್ನು ಇದರ ಪಕ್ಕದಲ್ಲಿ ನಿಲ್ಲಿಸಿದರೆ ವಿಷಯ ಸ್ಪಷ್ಟವಾಗುವುದು: ಬಡಕಲು ಮೈ, ನೀಳವಾದ ಕಾಲು, ಚರ್ಮಕ್ಕೆ ಅಂಟಿದ ಗಿಡ್ಡ ರೋಮ, ಎಲ್ಲವೂ ಶಾಖವನ್ನು ಹೊರಹಾಕಲೆಂದೇ ಇದ್ದಂತಿದೆ. ಸಮೋಯೆಡಿನಲ್ಲಿ ಎಲ್ಲವೂ ಇದಕ್ಕೆ ವಿರುದ್ಧ. ಹೀಗಿರುವಲ್ಲಿ ಕರ್ನಾಟಕದ ಹೆಚ್ಚಿನ ಭಾಗಗಳಲ್ಲಿ ಈ ನಾಯಿಯನ್ನು ತರುವುದೇ ಯುಕ್ತವಲ್ಲ. ಈಗಾಗಲೇ ತಂದವರು ಮಾತ್ರ ಮುಂದಿನ ವಿಷಯಗಳನ್ನು ಗಮನಿಸಬೇಕು.

ನಡೆದಾಟವೂ ಓಟವೂ ಬೆಳಗಿನ ಜಾವ ಅಥವಾ ಹೊತ್ತು ಮುಳುಗಿದ ಬಳಿಕ ಮಾತ್ರ. ಹಗಲಿನಲ್ಲಿ ಗಾಳಿಯಾಡುವ ನೆರಳು, ತಣ್ಣನೆಯ ನೆಲ, ಸದಾ ನೀರು ಇರಬೇಕು. ತಗಡಿನ ಚಾವಣಿಯ ಗೂಡಿನಲ್ಲಿ ಕಟ್ಟಿಹಾಕುವುದು ಕೊಲೆಗೆ ಸಮಾನ. ಕೊಬ್ಬು ಬೆಳೆದ ನಾಯಿಗೆ ಸೆಕೆ ಇಮ್ಮಡಿ, ಮಿತವಾಗಿ ಉಣಿಸಬೇಕು. ಬೇಸಗೆಯೆಂದು ರೋಮವನ್ನು ಬೋಳಿಸುವ ಪದ್ಧತಿಯೊಂದುಂಟು, ಇದು ತಪ್ಪು. ಹೊರರೋಮ ಹೋದರೆ ಬಿಸಿಲು ನೇರವಾಗಿ ಚರ್ಮವನ್ನು ಸುಡುವುದು, ಮತ್ತೆ ಬೆಳೆಯುವ ರೋಮವೂ ಕೆಲವು ಸಲ ಮೊದಲಿನಂತಿರದು. ಬದಲಾಗಿ ಸತ್ತ ಒಳರೋಮವನ್ನು ಬಾಚಿ ತೆಗೆದರೆ ಗಾಳಿಯು ಚರ್ಮಕ್ಕೆ ತಾಗುವುದು. ಬಾಚುವಾಗಲೇ ಉಣುಗುಗಳನ್ನು ಹುಡುಕಿ ತೆಗೆಯಬೇಕು. ಒತ್ತಾದ ರೋಮದೊಳಗೆ ಅವು ಕಣ್ಣಿಗೆ ಬೀಳದೆ ಬೆಳೆದು ಉಣುಗುಜ್ವರವನ್ನು ತರುವುವು.

ನಾಯಿಯು ಎಡೆಬಿಡದೆ ಬಿರುಸಾಗಿ ತೇಕುತ್ತ, ಗೊಳೆ ಸುರಿಸುತ್ತ, ತೂರಾಡಿದರೆ ಶಾಖದ ಹೊಡೆತವೆಂದು ತಿಳಿಯಬೇಕು. ಅದರ ಸಹಜ ಶಾಖವು 101ರಿಂದ 102½ ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಪ್ರಾಣಕ್ಕೆ ಅಪಾಯ. ತಡಮಾಡದೆ ನೆರಳಿಗೆ ಒಯ್ದು, ರೋಮವನ್ನು ಬಿಡಿಸಿ ಚರ್ಮಕ್ಕೆ ಮುಟ್ಟುವಂತೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ಆ ಮೇಲೆ ಪಶುವೈದ್ಯರ ಬಳಿಗೆ ಸಾಗಿಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿ ಬಿಟ್ಟರೆ ಶಾಖವು ಒಳಗೇ ನಿಲ್ಲುವುದು.

ಸ್ವಭಾವದ ವಿಷಯವಾಗಿಯೂ ಒಂದೆರಡು ಮಾತು ಅವಶ್ಯ. ಕಾವಲಿಗೆಂದು ಇದನ್ನು ತಂದವರು ನಿರಾಶರಾಗುವರು. ಬೊಗಳಿ ಊರನ್ನೇ ಎಬ್ಬಿಸಿದರೂ ಹೊಸಬರು ಹತ್ತಿರ ಬಂದೊಡನೆ ಬಾಲವಾಡಿಸುವುದು ಇದರ ರೀತಿ. ಕರುಗಳನ್ನೂ ಕೋಳಿಗಳನ್ನೂ ಕಂಡರೆ ಅಟ್ಟಿ ಗುಂಪುಗೂಡಿಸಹೋಗುವುದು. ಅದನ್ನು ತುಂಟತನವೆಂದು ಹೊಡೆಯುವುದರಲ್ಲಿ ನ್ಯಾಯವಿಲ್ಲ, ಅಜ್ಜನ ಕಾಲದ ಕಸುಬು ಅದು. ಒಂಟಿಯಾಗಿ ಬಿಟ್ಟರೆ ತಂಪಿಗಾಗಿ ಹೂದೋಟವನ್ನೆಲ್ಲ ಕೆದರಿ ಹಳ್ಳ ತೋಡುವುದೂ ಉಂಟು.

ಬಾಚಿ ತೆಗೆದ ಒಳರೋಮವನ್ನು ಎಸೆಯಬೇಕಾಗಿಲ್ಲ. ಯೂರೋಪು ಅಮೆರಿಕಗಳಲ್ಲಿ ಕೆಲವರು ಅದನ್ನು ತೊಳೆದು, ಒಂದೆಡೆ ಸೇರಿಸಿ, ರಾಟೆಯಲ್ಲಿ ನೂತು ಕೈಗವುಸು ಟೋಪಿಗಳನ್ನು ಹೆಣೆಯುವರು. ನೂಲು ಮೃದುವಾಗಿಯೂ ಬಹಳ ಬೆಚ್ಚಗೂ ಇರುವುದು. ಆದರೆ ಕುರಿಯ ಉಣ್ಣೆಯಂತೆ ಎಳೆದರೆ ಹಿಗ್ಗದು. ಆದುದರಿಂದ ಸ್ವಲ್ಪ ಕುರಿಯ ಉಣ್ಣೆಯನ್ನು ಬೆರೆಸಿ ನೂಲುವುದು ಮೇಲು.